ಪಿಂಗಾಣಿ ಎತ್ತಿಕೊಂಡ ಮಗು

ನಮ್ಮ ಮನೆಯಲ್ಲಿ ಯಾರಿಗೆ ಎಷ್ಟು ಬೆಲೆ ಎಂಬುದು ಅವರು ಏನನ್ನು ಎತ್ತಬಲ್ಲರು ಎಂಬುದರ ಮೇಲೆ ನಿಂತಿತ್ತು. ಅತ್ತೆ ಹರೆಯದಿಂದ ತಲೆ ಹಣ್ಣಾಗುವವರೆಗೆ ಗೋದಾಮಿನಲ್ಲಿ ಮೂಟೆ ಹೊತ್ತವಳು. ಲಾರಿಯಿಂದ ಮೂಟೆಯನ್ನು ಬೆನ್ನಿಗಿಳಿಸಿಕೊಂಡು, ಬಳುಕುವ ಹಲಗೆಯ ಮೇಲೆ ನಡೆದು, ಒಳಗೆ ಒಗೆದು ವಾಪಸು ಬರುವಾಗಲೂ ಮೇಸ್ತ್ರಿಯನ್ನು ಬೈಯುವಷ್ಟು ಉಸಿರು ಉಳಿಸಿಕೊಂಡಿರುತ್ತಿದ್ದಳಂತೆ. ಕಿರಿ ಮಗನನ್ನು ಕಟ್ಟಿಕೊಂಡು ನಾನು ಈ ಮನೆಗೆ ಬಂದ ದಿನ ನನ್ನ ಮುಖ ನೋಡುವ ಮೊದಲು ಮುಂಗೈ ಹಿಡಿದು ನೋಡಿದಳು. “ಪರವಾಗಿಲ್ಲ, ಎರಡು ಬಕೆಟ್ ನೀರು ಎತ್ತುತ್ತೆ” ಅಂದಳು. ನನಗೆ ಸಿಕ್ಕ ಸ್ವಾಗತ ಅಷ್ಟೇ.

ಆಮೇಲೆ ತಡವಾಗಿ ಮದುವೆಯಾದ ಹಿರಿ ಮಗ ತನ್ನ ಹೆಂಡತಿಯನ್ನು ಎರಡೂ ತೋಳಲ್ಲಿ ಎತ್ತಿಕೊಂಡೇ ಮೆಟ್ಟಿಲು ಹತ್ತಿ ಬಂದ. ಅತ್ತೆ ಬಾಗಿಲಲ್ಲಿ ನಿಂತು ನೋಡಿ, “ಇದೇನೋ, ಸಾಮಾನು ತಂದಿದ್ದೀಯಾ?” ಅಂದಳು. ತೋಳಲ್ಲಿದ್ದವಳು ತಲೆ ಎತ್ತಿ, “ಹೌದತ್ತೆ, ಪಿಂಗಾಣಿ. ಹುಷಾರಾಗಿ ಇಳಿಸ್ಕೊಳ್ಳಿ” ಅಂದಳು. ನಾನು ಆಗಲೇ ಅವಳಿಗೆ ಸೋತೆ.

ಪಿಂಗಾಣಿ ಅನ್ನುವುದು ಶಾಲೆಯ ಮಕ್ಕಳು ಇಟ್ಟ ಅಡ್ಡಹೆಸರು. ಹುಟ್ಟಿನಿಂದಲೇ ಅವಳ ಮೂಳೆ ಸುಲಭವಾಗಿ ಮುರಿಯುವ ಮೂಳೆ. ಅಪ್ಪನಿಂದ ಬಂದದ್ದು. ಮೂಳೆಯನ್ನು ಹಿಡಿದಿಡುವ ಅಂಟಿನಂಥದ್ದೊಂದು ಎಲ್ಲರ ಮೈಯಲ್ಲೂ ತಯಾರಾಗುತ್ತದಂತೆ, ಇವರ ವಂಶದಲ್ಲಿ ಅದು ಕೆಟ್ಟದಾಗಿ ತಯಾರಾಗುತ್ತದೆ. ಜೋರಾಗಿ ಸೀನಿದರೆ ಪಕ್ಕೆಲುಬು, ಮಗ್ಗುಲಾದರೆ ತೋಳು. ಮುರಿದು ಕೂಡಿ, ಕೂಡಿ ಮುರಿದು ಅವಳ ಕಾಲುಗಳು ಬಾಗಿದ್ದವು. ನಿಂತರೆ ನನ್ನ ಸೊಂಟಕ್ಕೆ ಬರುತ್ತಿದ್ದಳು, ನಿಲ್ಲುತ್ತಿದ್ದದ್ದೇ ಅಪರೂಪ. ಗಾಲಿಕುರ್ಚಿಯೇ ಅವಳ ಕಾಲು. ಹಲ್ಲೂ ಅದೇ ರೋಗದ್ದು, ಕಂದು ಬಣ್ಣ, ತುದಿ ಸವೆದದ್ದು. ಗಟ್ಟಿ ಇದ್ದದ್ದು ನಾಲಿಗೆ ಒಂದೇ. ಅದಕ್ಕೆ ಎಲುಬಿಲ್ಲವಲ್ಲ!

ಇಂಥವಳ ಕಸುಬು ಏನೆಂದರೆ ಕಟ್ಟುಹಲ್ಲು ಮಾಡುವುದು. ಹಲ್ಲಿನ ಡಾಕ್ಟರುಗಳ ಬೀದಿಯ ಹಿಂದಿನ ಓಣಿಯಲ್ಲಿ ಒಂದು ಉದ್ದನೆಯ ಕೋಣೆ. ಡಾಕ್ಟರುಗಳು ರೋಗಿಯ ಬಾಯಿಂದ ತೆಗೆದ ಅಚ್ಚು ಅಲ್ಲಿಗೆ ಬರುತ್ತಿತ್ತು. ಅವಳು ಅದಕ್ಕೆ ಪ್ಲಾಸ್ಟರ್ ಕಲಸಿ ಹೊಯ್ದು ದವಡೆ ಎಬ್ಬಿಸುತ್ತಿದ್ದಳು, ಮೇಣದಲ್ಲಿ ವಸಡು ಕಟ್ಟಿ ಒಂದೊಂದೇ ಹಲ್ಲು ಕೂರಿಸುತ್ತಿದ್ದಳು. ಮೇಜಿನ ಮೇಲೆ ಸಾಲಾಗಿ ಇಪ್ಪತ್ತು ಮೂವತ್ತು ಬಾಯಿ, ಒಂದಕ್ಕೂ ಮುಖವಿಲ್ಲ. “ಊರವರ ನಗು ಎಲ್ಲಾ ಇಲ್ಲೇ ತಯಾರಾಗೋದು” ಎಂದು ತನ್ನ ಕಂದು ಹಲ್ಲು ತೋರಿಸಿ ನಗುತ್ತಿದ್ದಳು. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಅನ್ನುತ್ತಾರೆ. ಇವಳ ಮುಂದೆ ರಾಶಿ ಹಲ್ಲಿದ್ದವು, ಒಂದೂ ಅವಳ ಬಾಯಿಗಲ್ಲ. ನನ್ನ ಭಾವ, ಅಂದರೆ ಅವಳ ಗಂಡ, ಆ ಅಚ್ಚುಗಳನ್ನು ಸ್ಕೂಟರಿನಲ್ಲಿ ತಂದು ಕೊಡುವವನು. ತಂದು ಕೊಟ್ಟು ಕೊಟ್ಟೇ ಮದುವೆಯಾದದ್ದು. ಒಳ್ಳೆಯವನು, ‘ಹೂಂ’ ಅನ್ನುವುದು ಬಿಟ್ಟರೆ ಬೇರೆ ಮಾತು ಕಲಿತವನಲ್ಲ. ಅಮ್ಮನಿಗೂ ಹೂಂ, ಹೆಂಡತಿಗೂ ಹೂಂ.

ಮನೆ ಸೇರಿದ ವಾರದಲ್ಲಿ ಪಿಂಗಾಣಿ ನನಗೆ ಎರಡು ಪಾಠ ಹೇಳಿಕೊಟ್ಟಳು. ಒಂದು, ಅವಳಂಥವರನ್ನು ಎತ್ತುವುದು ಹೇಗೆ. ಕಂಕುಳಿಗೆ ಕೈ ಹಾಕಿ ಎಳೆಯಬಾರದು. ಅಂಗೈ ಅಗಲ ಮಾಡಿ ಕುಂಡೆಯ ಕೆಳಗೆ ಒಂದು, ಬೆನ್ನಿನ ಹಿಂದೆ ಒಂದು, ತುಂಬಿದ ತಟ್ಟೆ ಎತ್ತಿದ ಹಾಗೆ ಎತ್ತಬೇಕು. ಇನ್ನೊಂದು, ಮುರಿದದ್ದು ಗೊತ್ತಾಗುವುದು ಹೇಗೆ. “ನಾನು ಕೂಗಾಡಿದ್ರೆ ಹೆದರ್ಬೇಡ ಕಣೆ, ಏನೋ ತಾಗಿರುತ್ತೆ ಅಷ್ಟೆ. ಸುಮ್ಮನಾದ್ರೆ ಓಡಿ ಬಾ. ಕೂಗಿದ್ರೆ ಮೈ ಅಲ್ಲಾಡುತ್ತೆ, ಮೈ ಅಲ್ಲಾಡಿದ್ರೆ ಮುರಿದದ್ದೂ ಅಲ್ಲಾಡುತ್ತೆ. ಮುರಿದಾಗ ನಮ್ಮ ಜನ ಸುಮ್ಮನಾಗ್ತೀವಿ.”

ಬಸಿರಾದಾಗ ಅತ್ತೆ ಹಾರಾಡಿದಳು. “ತನ್ನನ್ನೇ ತಾನು ಹೊರಲಾರದವಳಿಗೆ ಇನ್ನೊಂದು ಯಾಕೆ?” ಪಿಂಗಾಣಿ ಮಾತಿಗೆ ಮಾತು ಕೊಡಲಿಲ್ಲ. ಅದು ಅವಳ ಜಾಯಮಾನವೇ ಅಲ್ಲ, ಹಾಗಾಗಿ ನನಗೆ ದಿಗಿಲಾಯಿತು. ಬಟ್ಟೆ ಮಡಚುತ್ತಾ ಕೂತಿದ್ದಾಗ ನನ್ನ ಹತ್ತಿರ ಹೇಳಿದಳು: “ಹುಟ್ಟಿದಾಗಿನಿಂದ ಜನ ನನ್ನನ್ನ ಎತ್ತಿದ್ದಾರೆ. ಅಪ್ಪ, ಶಾಲೆಯ ಆಯಾ, ನಿನ್ನ ಭಾವ, ಬಸ್ಸಿನ ಕಂಡಕ್ಟರು. ನಾನು ಯಾರನ್ನೂ ಎತ್ತಿಲ್ಲ. ಒಂದು ಸಲ ನನ್ನ ಮಗೂನ ಸೊಂಟದ ಮೇಲೆ ಕೂರಿಸ್ಕೊಂಡು ನಿಂತ್ಕೋಬೇಕು. ಇನ್ನೇನೂ ಬೇಡ ನಂಗೆ.” ಇಷ್ಟು ಸಣ್ಣ ಆಸೆಯನ್ನು ಯಾರಾದರೂ ನಿಮ್ಮ ಮುಂದೆ ಇಟ್ಟರೆ ನೀವೇನು ಹೇಳುತ್ತೀರಿ? ಆಗಲಿ ಅಕ್ಕ ಅಂದೆ.

ಸ್ಕ್ಯಾನಿನಲ್ಲಿ ಮಗುವಿನ ತೊಡೆಯ ಮೂಳೆ ಬಾಗಿದ್ದು ಕಂಡಿತು. ವಂಶದ ರೋಗ ಇಳಿದಿದೆ, ಅವಳಿಗಿಂತ ಜೋರಾಗಿಯೇ ಇಳಿದಿರಬಹುದು ಎಂದರು. ದೊಡ್ಡಾಸ್ಪತ್ರೆಗೆ ಕಳಿಸಿದರು. ಭಾವನಿಗೆ ರಜೆ ಸಿಗದೆ ಕುರ್ಚಿ ತಳ್ಳಿಕೊಂಡು ನಾನು ಹೋದೆ. ಅಲ್ಲಿನ ದೊಡ್ಡ ಡಾಕ್ಟರಮ್ಮ ಬಿಡಿಸಿ ಬಿಡಿಸಿ ಹೇಳಿದಳು. ಆಕರಕೋಶ ಅಂತ ಇರುತ್ತವೆ, ಸ್ಟೆಮ್ ಸೆಲ್. ಬೇಕಾದ ಕಡೆ ಹೋಗಿ ಬೇಕಾದದ್ದಾಗಿ ಬೆಳೆಯುವ ಕೋಶಗಳು. ಇನ್ಯಾರೋ ತಾಯಿಯ ಹೊಟ್ಟೆಯಲ್ಲಿ ಉಳಿಯದೆ ಹೋದ ಕೂಸಿನ ಲಿವರಿನಿಂದ, ಆ ತಾಯಿ ಒಪ್ಪಿದ ಮೇಲೆ ತೆಗೆದು, ಪ್ರಯೋಗಶಾಲೆಯಲ್ಲಿ ಬೆಳೆಸಿದ್ದು. ತಾಯಿಯ ಹೊಟ್ಟೆಯ ಮೂಲಕ ಸೂಜಿ ಇಳಿಸಿ ಮಗುವಿನ ರಕ್ತನಾಳಕ್ಕೇ ಅವನ್ನು ಬಿಟ್ಟರೆ, ಹೋಗಿ ಮೂಳೆಯಲ್ಲಿ ನೆಲೆನಿಂತು ಒಳ್ಳೆಯ ಅಂಟು ಮಾಡಬಹುದು. ಮಾಡದೆಯೂ ಇರಬಹುದು. ಇದು ಇನ್ನೂ ಪ್ರಯೋಗ. ಹುಟ್ಟುವ ಮೊದಲೇ ಯಾಕೆಂದರೆ, ಆಗ ಮಗುವಿನ ಮೈ ಹೊರಗಿನದನ್ನು ಹೊರಗಿನದು ಅಂತ ಗುರುತಿಸಿ ಓಡಿಸುವುದಿಲ್ಲ.

ಪಿಂಗಾಣಿ ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದಳು. “ಡಾಕ್ಟ್ರೇ, ನನ್ನ ರಕ್ತ ಮಗೂಗೆ ಆಸರೆ ಅಂತೀರಿ. ಹಾಗಾದ್ರೆ ಅದಕ್ಕೆ ಹಾಕಿದ್ದು ಒಂದಿಷ್ಟು ನನಗೂ ಬರುತ್ತಾ?”

ಡಾಕ್ಟರಮ್ಮನಿಗೆ ಪ್ರಶ್ನೆ ಬಹಳ ಹಿಡಿಸಿತು. ಜೊತೆಗಿದ್ದ ಮರಿಡಾಕ್ಟರುಗಳ ಕಡೆ ತಿರುಗಿ, ನೋಡಿದ್ರಾ ಎಂಬಂತೆ ಹುಬ್ಬು ಹಾರಿಸಿದಳು. “ಒಂದೆರಡು ಬಂದ್ರೂ ಬರಬಹುದಮ್ಮ. ಯಾರಿಗೆ ಗೊತ್ತು!” ಎಂದು ನಕ್ಕಳು. ಹಾವೂ ಸಾಯದ, ಕೋಲೂ ಮುರಿಯದ ಮಾತು. ಅವಳಿಗೆ ಅದು ಬಾಗಿಲ ತನಕ ಬಂದು ಬೀಳ್ಕೊಡುವ ಸೌಜನ್ಯ. ಕುರ್ಚಿ ತಳ್ಳುತ್ತಾ ನಾನು ಕೆಳಗೆ ನೋಡಿದರೆ ಪಿಂಗಾಣಿ ತನ್ನ ಮುಂಗೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು.

ಅತ್ತೆಗೆ ಹೇಳಿದಾಗ, “ಕೂಸು ಹುಟ್ಟೋ ಮುಂಚೆ ಕುಲಾವಿ ಕೇಳಿದ್ದೆ, ಕೂಸು ಹುಟ್ಟೋ ಮುಂಚೆ ಸೂಜಿ ಇವತ್ತೇ ಕೇಳಿದ್ದು” ಅಂದಳು. ಆದರೂ ಬೇಡ ಅನ್ನಲಿಲ್ಲ. ಮೂಟೆ ಹೊರುವ ಮೊಮ್ಮಗು ಯಾರಿಗೆ ಬೇಡ?

ಸೂಜಿ ಹಾಕಿದರು. ಅವಳ ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ ಸವರಿ, ಪರದೆಯಲ್ಲಿ ಮಗುವನ್ನು ನೋಡುತ್ತಾ ಹಾಕಿದರು. ಎಲ್ಲರೂ ಪರದೆ ನೋಡುತ್ತಿದ್ದರು, ಅವಳ ಮುಖವನ್ನಲ್ಲ. ಹೊಟ್ಟೆ ಬೆಳೆಯುತ್ತಾ ಹೋದ ಹಾಗೆ ಜಾಗ ಸಾಲದೆ ಅವಳಿಗೆ ಉಸಿರಾಟವೇ ಕಷ್ಟವಾಯಿತು. ಒಂದು ಮಧ್ಯಾಹ್ನ ಒಳಗಿನಿಂದ ಮಗು ಒದ್ದ ಏಟಿಗೆ ಪಕ್ಕೆಲುಬು ಮುರಿಯಿತು. ಮಾತು ನಿಲ್ಲಿಸಿ ಗೋಡೆ ನೋಡುತ್ತಾ ಕೂತಳು. ನೋವು ಇಳಿದು ಮಾತು ಬಂದ ಮೇಲೆ ಅವಳು ಹೇಳಿದ್ದು ಇಷ್ಟು: “ಒದ್ದ ಕಾಲು ಗಟ್ಟಿ ಇದೆ ಕಣೆ.” ಅವಳು ಕುಣಿಯುವುದೊಂದು ಬಾಕಿ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ಇವಳಿಗೆ ಹೆರುವ ಮೊದಲೇ ಮುದ್ದು.

ಹೊಟ್ಟೆ ಕೊಯ್ದು ಹೆಣ್ಣು ಕೂಸನ್ನು ತೆಗೆದರು. ತೊಡೆ ಕೊಂಚ ಬಾಗಿತ್ತು, ಒಂದೆರಡು ಕಡೆ ಹೊಟ್ಟೆಯಲ್ಲೇ ಮುರಿದು ಕೂಡಿದ ಗುರುತಿತ್ತು. ಹೊಸದಾಗಿ ಏನೂ ಮುರಿದಿರಲಿಲ್ಲ. ಡಾಕ್ಟರಮ್ಮ ಎಲ್ಲರ ಕೈ ಕುಲುಕಿದಳು. ಅತ್ತೆ ಕೂಸನ್ನು ಅಂಗೈಯಲ್ಲಿ ತೂಗಿ ನೋಡಿ, “ಇದು ನಮ್ಮದು” ಅಂದಳು. ಭಾವ ಎತ್ತಿಕೊಂಡ. ನಾನು ಎತ್ತಿಕೊಂಡೆ. ಆಸ್ಪತ್ರೆಯ ಆಯಾ ಎತ್ತಿಕೊಂಡಳು. ತಾಯಿಯ ಪಕ್ಕದಲ್ಲಿ ದಿಂಬು ಇಟ್ಟು ಮಲಗಿಸಿದರು.

ಮನೆಯಲ್ಲೂ ಹಾಗೇ ನಡೆಯಿತು. ಹಾಲು ಕುಡಿಸುವಾಗ ಯಾರಾದರೂ ತಂದು ಅವಳ ತೊಡೆಯ ಮೇಲಿನ ದಿಂಬಿನ ಮೇಲೆ ಇಡುವುದು, ಆದ ಕೂಡಲೇ ತೆಗೆದುಕೊಂಡು ಹೋಗುವುದು. “ಹಾಲಿನ ಅಂಗಡಿಗೆ ಗಿರಾಕಿ ಬಂತು” ಅನ್ನುತ್ತಿದ್ದಳು ಪಿಂಗಾಣಿ. ನಾವು ನಗುತ್ತಿದ್ದೆವು.

ಅವಳು ಕೆಲಸಕ್ಕೆ ಮರಳಿದ ಮೇಲೆ, ಮಧ್ಯಾಹ್ನ ಹಾಲು ಕುಡಿಸಲು ಕೂಸನ್ನು ಎತ್ತಿಕೊಂಡು ಹಲ್ಲಿನ ಕೋಣೆಗೆ ಹೋಗುವುದು ನನ್ನ ಪಾಲಿಗೆ ಬಂತು. ಒಂದು ದಿನ ಬಾಗಿಲು ತೆರೆದು ನೋಡುತ್ತೇನೆ, ಅವಳು ನಿಂತಿದ್ದಾಳೆ! ಒಂದು ಕೈ ಮೇಜಿನ ಅಂಚಿನ ಮೇಲೆ. ಇನ್ನೊಂದು ಕೈಯಲ್ಲಿ, ಸೊಂಟದ ಮೇಲೆ, ಪ್ಲಾಸ್ಟರ್ ಪುಡಿಯ ಚೀಲ. ಚೀಲಕ್ಕೆ ಕೂಸಿನ ಹಳೆಯ ಅಂಗಿ ತೊಡಿಸಿದ್ದಳು. ಹಲ್ಲಿಗೆ ಹೊಳಪು ಕೊಡುವ ಮುದುಕ ತನ್ನ ಯಂತ್ರ ನಿಲ್ಲಿಸಿ, ಬಿದ್ದರೆ ಹಿಡಿಯುತ್ತೇನೆ ಎಂಬಂತೆ ಕೈ ಚಾಚಿ ಕೂತಿದ್ದ.

“ಅಕ್ಕ, ತಲೆ ಕೆಟ್ಟಿದೆಯಾ?” ಅಂದೆ.

“ಮೊದಲು ಅರ್ಧ ಚೀಲ ಎತ್ತಿದೆ. ಈಗ ಅವಳ ತೂಕದಷ್ಟೇ ತುಂಬಿದೀನಿ. ಏನೂ ಆಗ್ಲಿಲ್ಲ ನೋಡು, ಚಿಟಿಕೆಯಷ್ಟೂ ನೋವಿಲ್ಲ.” ಅವಳ ಮುಖ ಕೆಂಪೇರಿತ್ತು. “ನನಗೂ ಬಂದಿದೆ ಕಣೆ. ಡಾಕ್ಟರು ಒಂದೆರಡು ಅಂದ್ರು. ಒಂದೆರಡಲ್ಲ, ತುಂಬಾ ಬಂದಿವೆ.”

ಹೊಟ್ಟೆಗಿಲ್ಲದವನಿಗೆ ಅನ್ನದ ವಾಸನೆ ಬಂದಂತೆ, ಅಷ್ಟು ನಂಬಿದ್ದಳು. ಸುಮ್ಮನೆ ನಂಬಬೇಡ, ಎಕ್ಸ್‌ರೇ ತೆಗೆಸೋಣ ಎಂದು ನಾನೇ ಹೊರಡಿಸಿದೆ. ಕೂಸಿನ ತಪಾಸಣೆಯ ದಿನ ಮರಿಡಾಕ್ಟರನನ್ನು ಕೇಳಿದೆವು. ಅವನು ಕಂಪ್ಯೂಟರಿನಿಂದ ತಲೆ ಎತ್ತದೆ, “ನೀವು ಪ್ರಯೋಗದಲ್ಲಿಲ್ಲಮ್ಮ. ಮಗು ಮಾತ್ರ” ಅಂದ. ನನಗೆ ಮೈ ಉರಿಯಿತು. “ಮಗು ಏನು ಮರದಿಂದ ಉದುರಿತಾ?” ಅಂದೆ. “ನಿಯಮ ಹಾಗಿದೆ. ಬೇರೆ ವಿಭಾಗದಲ್ಲಿ ಚೀಟಿ ಮಾಡಿಸಿ” ಅಂದ. ಆ ವಿಭಾಗದ ಮುಂದೆ ಹನುಮಂತನ ಬಾಲದಂಥ ಸಾಲು. ಕೂಸು ಅಳುತ್ತಿತ್ತು. ಪಿಂಗಾಣಿ, “ಬಿಡು ನಡಿ, ನನ್ನ ಮೂಳೆ ನನಗೆ ಗೊತ್ತಿಲ್ವಾ?” ಅಂದಳು. ಅವಳಿಗೆ ಗೊತ್ತಿದ್ದದ್ದು ಮುರಿಯುವ ಮೂಳೆ. ಮುರಿಯದೆ ಇರುವ ಮೂಳೆ ಹೇಗಿರುತ್ತದೆ ಎಂದು ಅವಳಿಗೆ ಯಾರು ಹೇಳಿಕೊಟ್ಟಿದ್ದರು?

ಅದಾಗಿ ಸ್ವಲ್ಪ ದಿನಕ್ಕೆ, ರಜೆಯ ದಿನ, ನಡುಮನೆಯಲ್ಲಿ ಕೂಸು ಚಾಪೆಯ ಮೇಲೆ ಅಳುತ್ತಾ ಮಲಗಿತ್ತು. ನಾನು ಹಿಂದುಗಡೆ ಬಟ್ಟೆ ಹಿಂಡುತ್ತಿದ್ದೆ. ಪಿಂಗಾಣಿ ಅತ್ತೆಯನ್ನು ಕರೆದಳು, “ಅತ್ತೆ, ಸ್ವಲ್ಪ ಎತ್ತಿ ಕೊಡ್ತೀರಾ?”

ಅತ್ತೆ ಒಳಗಿನಿಂದ ಹೊರಗೆ ಬಂದಳು, ಆದರೆ ಎತ್ತಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ನಿಂತಳು. “ನಿನ್ನ ಕೂಸನ್ನ ನಾನು ಎತ್ತಬೇಕು, ನಿನ್ನನ್ನ ನನ್ನ ಮಗ ಎತ್ತಬೇಕು. ಈ ಮನೇಲಿ ನೀನು ಎತ್ತೋದು ಅಂದ್ರೆ ಬಾಯಿ ಒಂದೇ. ಹೆತ್ತಿದ್ದೀಯಲ್ಲ, ಎತ್ಕೋ ನೋಡೋಣ.”

ನಾನು ಕೈ ಒರೆಸಿಕೊಂಡು ಬರುವಷ್ಟರಲ್ಲಿ ಪಿಂಗಾಣಿ ಕುರ್ಚಿಯಿಂದ ಚಾಪೆಗೆ ಜಾರಿ ಇಳಿದಿದ್ದಳು. ಅಂಗೈ ಅಗಲ ಮಾಡಿ, ಕುಂಡೆಯ ಕೆಳಗೆ ಒಂದು, ಬೆನ್ನಿನ ಹಿಂದೆ ಒಂದು. ಗೋಡೆಗೆ ಭುಜ ಕೊಟ್ಟು ಇಂಚಿಂಚಾಗಿ ಎದ್ದಳು. ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡಳು. ಅಳು ಥಟ್ಟನೆ ನಿಂತಿತು. ತಡೆಯಲು ಹೋದವಳು ಅರ್ಧದಲ್ಲೇ ನಿಂತೆ. ಯಾಕೆಂದರೆ ಅವಳು ನಡೆದಳು. ಕಿಟಕಿಯವರೆಗೆ, ಬಾತುಕೋಳಿಯ ಹಾಗೆ ತೂರಾಡುತ್ತಾ, ಆದರೆ ನಡೆದಳು. ಕಿಟಕಿಯಲ್ಲಿ ಬೀದಿ ತೋರಿಸಿದಳು. “ಅಲ್ನೋಡು, ಬಸ್ಸು. ಬಸ್ಸು ಬಂತು ನೋಡು.” ಅತ್ತೆಯ ಕಡೆ ತಿರುಗಿದಳು. ಅಂಥ ನಗುವನ್ನು ಅವಳ ಮೇಜಿನ ಮೇಲಿನ ಯಾವ ಬಾಯಲ್ಲೂ ನಾನು ನೋಡಿಲ್ಲ.

ಕಾಲು ಜಾರಲಿಲ್ಲ. ಏನೂ ತಾಗಲಿಲ್ಲ. ನಿಂತಲ್ಲೇ ತೊಡೆ ಮುರಿಯಿತು, ಸೌದೆ ಮುರಿದ ಶಬ್ದ ನನಗೂ ಕೇಳಿಸಿತು. ಬೀಳುವಾಗ ಅವಳು ಮೈ ತಿರುಗಿಸಿದಳು, ಕೂಸು ಮೇಲೆ ಬರುವಂತೆ, ತಾನು ಕೆಳಗಾಗುವಂತೆ. ಕೂಸು ಅವಳ ಎದೆಯ ಮೇಲೆ ಬಿದ್ದು, ಆಟವೆಂದು ತಿಳಿದು ಕಿಲಕಿಲ ನಕ್ಕಿತು.

ಪಿಂಗಾಣಿ ಸುಮ್ಮನಿದ್ದಳು.

ಸುಮ್ಮನಿದ್ದರೆ ಏನರ್ಥವೆಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅತ್ತೆಗೂ ಗೊತ್ತಿತ್ತು. ಅವಳು ಸೊಸೆಯ ಕಾಲು ದಾಟಿಕೊಂಡು ಬಂದು ಕೂಸನ್ನು ಎತ್ತಿದಳು. ಬೆಳಕಿಗೆ ಒಯ್ದು ಕೈ, ಕಾಲು, ಪಕ್ಕೆ ಒಂದೊಂದಾಗಿ ಒತ್ತಿ ನೋಡಿದಳು. “ಸದ್ಯ, ಏನೂ ಆಗಿಲ್ಲ” ಅಂದಳು. ನಾನು ನೆಲದ ಮೇಲೆ ಕೂತು ಪಿಂಗಾಣಿಯ ತಲೆಯನ್ನು ಅಲ್ಲಾಡದಂತೆ ಹಿಡಿದುಕೊಂಡಿದ್ದೆ. ಅತ್ತೆಗೆ ಅವತ್ತು ನಾನು ಅಂದ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ.

ಆಸ್ಪತ್ರೆಯಲ್ಲಿ ಎಕ್ಸ್‌ರೇಗಳು ಬಂದವು. ತಾಯಿಗೆ ಎರಡೂ ತೊಡೆ, ಸೊಂಟ, ಒಂದು ತೋಳು, ಎದೆಗೂಡಿನ ಅರ್ಧ. ಕೂಸಿಗೆ ಒಂದು ಗೆರೆಯೂ ಇಲ್ಲ. ಡಾಕ್ಟರಮ್ಮ ಎರಡು ಚಿತ್ರಗಳನ್ನೂ ಅಕ್ಕಪಕ್ಕ ಬೆಳಕಿಗೆ ಹಿಡಿದಳು, ಮರಿಡಾಕ್ಟರುಗಳನ್ನು ಕರೆದಳು. “ನೋಡಿ, ಒಂದೇ ಮನೆ, ಒಂದೇ ನೆಲ, ಒಂದೇ ಪೆಟ್ಟು. ಇಂಥದ್ದು ಬೇಕು ಅಂದ್ರೂ ಸಿಗಲ್ಲ” ಅಂದಳು. ಡಾಕ್ಟರುಗಳ ಸಭೆಯಲ್ಲಿ ತೋರಿಸುತ್ತೇವೆ, ಒಪ್ಪಿಗೆ ಕೊಡಿ ಎಂದು ಭಾವನನ್ನು ಕೇಳಿದಳು. ಭಾವ ಹೂಂ ಅಂದ.

ಪಿಂಗಾಣಿಗೆ ಮೂರನೇ ದಿನ ಮಾತು ಬಂತು. ಡಾಕ್ಟರಮ್ಮ ಹಾಸಿಗೆಯ ಹತ್ತಿರ ಬಂದಾಗ ಕೇಳಿದಳು, “ನನಗೆ ಬಂದಿದ್ದವು ಏನಾದವು ಡಾಕ್ಟ್ರೇ?”

“ಯಾವುದಮ್ಮ?”

“ಕೋಶಗಳು. ಒಂದೆರಡು ಬರಬಹುದು ಅಂದಿದ್ರಲ್ಲ.”

ಡಾಕ್ಟರಮ್ಮನಿಗೆ ನೆನಪೇ ಇರಲಿಲ್ಲ. ನೆನಪಿಸಿಕೊಳ್ಳುವಂತೆ ಹಣೆ ಸುಕ್ಕಾಗಿಸಿದಳು, ಸಿಗಲಿಲ್ಲ, ಬಿಟ್ಟಳು. “ಬಂದ್ರೂ ಅದರಿಂದ ಮೂಳೆ ಗಟ್ಟಿಯಾಗಲ್ಲಮ್ಮ. ಬಸಿರು, ಬಾಣಂತನ, ಹಾಲು ಕುಡಿಸೋದು, ಇದರಲ್ಲಿ ತಾಯಿಯ ಮೂಳೆಯಿಂದ ಸುಣ್ಣದಂಶ ಇಳಿಯುತ್ತೆ. ನಿಮ್ಮ ಮೂಳೆ ಮೊದಲಿಗಿಂತ ಮೆತ್ತಗಾಗಿತ್ತು. ನಿಲ್ಲಲೇಬಾರದಿತ್ತು. ಯಾರೂ ಹೇಳಲಿಲ್ವಾ?” ಅಂದಳು. ಪಿಂಗಾಣಿ ನನ್ನ ಕಡೆ ನೋಡಿದಳು. ಆಮೇಲೆ ನಕ್ಕಳು. ನಕ್ಕರೆ ಪಕ್ಕೆ ನೋಯುತ್ತದೆಂದು ಬಾಯಲ್ಲಿ ಮಾತ್ರ ನಕ್ಕಳು.

ಆಮೇಲೆ ಅವಳು ಮತ್ತೆ ನಿಲ್ಲಲಿಲ್ಲ. ಎಡಗೈ ಸೊಟ್ಟಗೆ ಕೂಡಿತು. ಒಂದೇ ಕೈಯಲ್ಲಿ ಮೇಣದೊಳಗೆ ಹಲ್ಲು ಕೂರಿಸುವುದನ್ನು ಕಲಿತಳು. ಕೋಣೆಯ ಯಜಮಾನ ಕೆಲಸದಿಂದ ತೆಗೆಯಲಿಲ್ಲ, ಅಷ್ಟರಮಟ್ಟಿಗೆ ಮನುಷ್ಯ. ಪ್ರಯೋಗ ಮುಗಿದ ಮೇಲೆ ಡಾಕ್ಟರಮ್ಮ ಇನ್ನೊಂದು ಮಾತು ಹೇಳಿದಳು. ಕೂಸು ಗಟ್ಟಿಯಾದದ್ದು ಆ ಕೋಶಗಳಿಂದಲೋ, ಅಥವಾ ಅದಕ್ಕೆ ರೋಗ ಮೊದಲಿಂದಲೇ ಕಡಿಮೆ ಬಂದಿತ್ತೋ, ಒಂದು ಮಗುವನ್ನು ನೋಡಿ ಹೇಳಲಾಗದು. ಮುಂದೆ ಮುರಿಯಲಿಕ್ಕಿಲ್ಲ ಎಂದೂ ಹೇಳಲಾಗದು. ಆ ಎರಡು ಚಿತ್ರಗಳು ಮಾತ್ರ ಆಸ್ಪತ್ರೆಯ ಮೊಗಸಾಲೆಯ ಗೋಡೆಯಲ್ಲಿ ಈಗಲೂ ಇವೆ. ತಪಾಸಣೆಗೆ ಹೋದಾಗಲೆಲ್ಲ ಪಿಂಗಾಣಿ ಅವುಗಳ ಮುಂದೆ ಕುರ್ಚಿ ನಿಲ್ಲಿಸಲು ಹೇಳುತ್ತಾಳೆ. “ಇದು ನಾನು ಅವಳನ್ನ ಎತ್ಕೊಂಡಾಗ ತೆಗೆದ ಫೋಟೋ” ಅನ್ನುತ್ತಾಳೆ.

ಮನೆಯಲ್ಲಿ ಅತ್ತೆಯದು ಒಂದು ಕಾನೂನಾಯಿತು. ಕೂಸು ನಡೆಯಲು ಕಲಿತ ದಿನವೇ ಅದನ್ನೂ ಕಲಿಸಿದಳು. ಅಮ್ಮನ ಹತ್ತಿರ ಹೋಗುವಾಗ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳಬೇಕು. ಹಾರಬಾರದು, ತಬ್ಬಬಾರದು, ಮಡಿಲು ಹತ್ತಬಾರದು. “ನಿನ್ನನ್ನ ಎತ್ಕೊಳ್ಳೋಕೆ ಹೋಗಿ ಅಮ್ಮ ಮುರಿದ್ಲು. ಮತ್ತೆ ಮುರೀಬೇಕಾ?” ನಾನು ಜಗಳ ತೆಗೆದೆ. ಪಿಂಗಾಣಿಯೇ, “ಬಿಡೆ, ಅವರು ಹೇಳೋದು ಸುಳ್ಳಲ್ಲ” ಅಂದಳು. ಅವಳು ಅತ್ತೆಯ ಮಾತನ್ನು ಒಪ್ಪಿದ್ದು ಅದೇ ಮೊದಲು. ಹುಡುಗಿ ಅಜ್ಜಿಯ ಮುಂದೆ, ನನ್ನ ಮುಂದೆ, ಅಂಚೆಯವನ ಮುಂದೆ ಕೂಡ ಎರಡೂ ಕೈ ಮೇಲೆತ್ತಿ ಎತ್ಕೋ ಅಂತ ನಿಲ್ಲುತ್ತಾಳೆ. ತಾಯಿಯ ಮುಂದೆ ಮಾತ್ರ ಕೈ ಹಿಂದಕ್ಕೆ ಹೋಗುತ್ತದೆ, ಶಾಲೆಯಲ್ಲಿ ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ.

ಮೊನ್ನೆ ಸಂಜೆ ಹುಡುಗಿ ಅಂಗಳದಲ್ಲಿ ಆಡುತ್ತಿದ್ದಳು. ನಾನು ಮತ್ತು ಪಿಂಗಾಣಿ ಒಳಗೆ ಮಾತಾಡುತ್ತಾ ಕೂತಿದ್ದೆವು. ಧಪ್ ಎಂದು ಶಬ್ದವಾಯಿತು. ಬಿದ್ದಿರಬೇಕು, ಅಳು ಬರುತ್ತದೆ ಎಂದು ಕಾದೆವು. ಅಳು ಬರಲಿಲ್ಲ. ಪಿಂಗಾಣಿಯ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು.

ಹುಡುಗಿ ಒಳಗೆ ಬಂದಳು. ಮುಖ ಬಿಳುಚಿತ್ತು, ತುಟಿ ಒತ್ತಿಕೊಂಡಿದ್ದಳು. ನೇರ ತಾಯಿಯ ಮುಂದೆ ಬಂದು ನಿಂತಳು. ಎಡಗೈ ಬೆನ್ನ ಹಿಂದಕ್ಕೆ ಹೋಯಿತು. ಬಲಗೈ ಹೋಗಲಿಲ್ಲ. ಅದು ಮೊಣಕೈಯಿಂದ ಕೆಳಗೆ ಬೇರೆ ಯಾರದ್ದೋ ಕೈಯಂತೆ ತೂಗುತ್ತಿತ್ತು.

ಪಿಂಗಾಣಿ ಎರಡೂ ಕೈ ಚಾಚಿದಳು, ನೆಟ್ಟಗಿನದ್ದು, ಸೊಟ್ಟಗಿನದ್ದು. ಹುಡುಗಿ ಒಂದು ಹೆಜ್ಜೆ ಹಿಂದಕ್ಕೆ ಸರಿದಳು.

“ಬೇಡಮ್ಮ. ನೀನು ಮುರೀತೀಯ.”

ಆ ಕೈಗಳು ಗಾಳಿಯಲ್ಲಿ ಹಾಗೇ ಸ್ವಲ್ಪ ಹೊತ್ತು ಇದ್ದವು. ಆಮೇಲೆ ಅವಳು ಅವನ್ನು ಮಡಿಲಿಗೆ ಇಳಿಸಿಕೊಂಡಳು. ನನ್ನ ಕಡೆ ತಿರುಗಿ, ಮೆಲ್ಲಗೆ, ಅಂಗಡಿಯಲ್ಲಿ ಸಾಮಾನು ಹೇಳಿದಷ್ಟು ಸಲೀಸಾಗಿ ಹೇಳಿದಳು: “ನೀನು ಎತ್ಕೋ. ಕಂಕುಳಿಗೆ ಕೈ ಹಾಕ್ಬೇಡ. ಕೆಳಗಿಂದ.”

ನಾನು ಎತ್ತಿಕೊಂಡೆ.